ನನಗಾಗಿ ನಿಂತ ಪೂವಮ್ಮ

ಪೂವಮ್ಮ ಅಂದರೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಅವಳು ಕ್ಲಾಸಿನಲ್ಲಿ ಎದ್ದು ನಿಲ್ಲುತ್ತಿದ್ದ ರೀತಿ. ಶಿಕ್ಷೆ ಅಂತ ತಲೆ ತಗ್ಗಿಸುತ್ತಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು, ತೋಟ ನೋಡಲು ಬಂದ ದೊರೆಯ ಹಾಗೆ ನಿಲ್ಲುತ್ತಿದ್ದಳು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ನಮ್ಮ ಮನೆ. ಅವ್ವ ಹಣ್ಣು ಕುಯ್ಯುವ ಆಳು. ಪೂವಮ್ಮ ಅದೇ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ ಮಗಳು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮಿಬ್ಬರನ್ನೂ ಒಂದೇ ಬೆಂಚಿಗೆ ಹಾಕಿದರು. ಅವರದೊಂದು ಕಾನೂನಿತ್ತು: ಬೆಂಚಿನಲ್ಲಿ ಒಬ್ಬರು ಪಾಠ ಒಪ್ಪಿಸದಿದ್ದರೆ ಇನ್ನೊಬ್ಬರೂ ನಿಲ್ಲಬೇಕು. ಲೆಕ್ಕ ಬರದೆ ನಾನು ನಿಂತಾಗೆಲ್ಲ ಪೂವಮ್ಮ ಪಕ್ಕದಲ್ಲಿ ನಿಂತು ಪಿಸುಗುಟ್ಟುತ್ತಿದ್ದಳು: "ಬೇಗ ಕಲಿಯೇ ಮಾರಾಯ್ತಿ, ನನ್ನ ಕಾಲು ನೋಯ್ತದೆ." ಅವಳ ಕಾಲುನೋವಿಗೆ ಹೆದರಿಯೇ ನಾನು ಭಿನ್ನರಾಶಿ ಕಲಿತದ್ದು.

ಕಾಫಿ ಹಣ್ಣಾಗಿ ಪಿಕಿಂಗ್ ಶುರುವಾದಾಗ ಅವ್ವ ನನ್ನನ್ನು ಶಾಲೆ ಬಿಡಿಸಿದಳು. "ಓದಿ ಯಾವ ಗುಡ್ಡೆ ಕಡೀಬೇಕಾಗೈತೆ? ಬುಟ್ಟಿ ತುಂಬ್ಸು." ನಾನಿಲ್ಲದಿದ್ದರೂ ಮೇಷ್ಟ್ರು ಕಾನೂನು ಬದಲಿಸಲಿಲ್ಲ. ನನ್ನ ಸರದಿ ಬಂದಾಗೆಲ್ಲ ಪೂವಮ್ಮ ಒಬ್ಬಳೇ ನಿಂತಳು. ಹನ್ನೊಂದು ದಿನ ನಿಂತು, ಶನಿವಾರ ಶಾಲೆ ಬಿಟ್ಟೊಡನೆ ಸೀದಾ ತೋಟಕ್ಕೆ ಬಂದು ಅವ್ವನ ಮುಂದೆ ನಿಂತಳು.

"ಲಕ್ಕಮ್ಮಕ್ಕ, ಇವಳಿಗೋಸ್ಕರ ನಿಂತು ನಿಂತು ನನಗೆ ಸಾಕಾಯ್ತು. ಸೋಮವಾರ ಬರದಿದ್ರೆ ಮೇಷ್ಟ್ರು ಹೆಸರು ಹೊಡೆದು ಹಾಕ್ತಾರಂತೆ. ಇವಳನ್ನ ಕಳಿಸಿ, ಹಣ್ಣು ನಾನು ಕುಯ್ತೀನಿ."

ಅಂದವಳೇ ಕೊಂಬೆ ಬಗ್ಗಿಸಿ ಹಣ್ಣು, ಹಸಿರು ಕಾಯಿ, ಎಲೆ ಎಲ್ಲವನ್ನೂ ಒಟ್ಟಿಗೆ ಬಳಿದು ಬುಟ್ಟಿಗೆ ಹಾಕಿದಳು. ಅವ್ವ ಬಾಯಿ ಬಡಿದುಕೊಂಡಳು.

"ಅಯ್ಯೋ, ಕಾಯಿ ಕೀಳ್ಬ್ಯಾಡ ತಾಯಿ! ನನ್ನ ಬುಟ್ಟೀಲಿ ಇದ್ನ ನೋಡಿದ್ರೆ ನಿಮ್ಮಪ್ಪ ಸುಮ್ನೆ ಬಿಟ್ಟಾರಾ?"

"ನನಗೆ ಬರೋದು ಇಷ್ಟೇ. ದಿನಾ ಬರ್ತೀನಿ."

ಅವ್ವ ಬುಟ್ಟಿ ಕಿತ್ತುಕೊಂಡಳು. ಸಿಟ್ಟು ಮಾಡಲು ಹೋಗಿ ನಕ್ಕುಬಿಟ್ಟಳು. "ನಿನ್ನ ಕೈಗೆ ಸಿಕ್ಕಿದ್ರೆ ಒಂದು ಗಿಡಾನೂ ಉಳಿಯಾಕಿಲ್ಲ. ಕರ್ಕಂಡೋಗವ್ವ ಇವಳ್ನ."

ಸೋಮವಾರ ನಾನು ಬೆಂಚಿನಲ್ಲಿದ್ದೆ. ಆ ವರ್ಷ ಇಬ್ಬರೂ ಪಾಸಾದೆವು. ಹೈಸ್ಕೂಲು ಮುಗಿದದ್ದೇ ಅವಳ ಮನೆಯವರು ಮದುವೆ ಮಾಡಿಬಿಟ್ಟರು. ನಾನು ಮೈಸೂರಿಗೆ ಹೋಗಿ ಬಿ.ಎ. ಮಾಡಿದೆ. ನಮ್ಮ ಲೈನಿನಲ್ಲಿ ಮೊದಲು ಡಿಗ್ರಿ ತೆಗೆದವಳು ನಾನು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಅವಳನ್ನು ಕೊನೆಯದಾಗಿ ನೋಡಿದ್ದು ಆ ಡಿಗ್ರಿ ಕಾಗದ ತೋರಿಸಲು ಅವಳ ಗಂಡನ ಮನೆಗೆ ಹೋದಾಗ. ಮರುವರ್ಷ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ನಾನು ಹೋದ ದಿನ ಜಗಲಿಯಲ್ಲಿ ನಿಂತಿದ್ದಳು, ಕಂಕುಳಲ್ಲಿ ಮಗು, ಸೊಂಟದ ಮೇಲೆ ಅದೇ ಕೈ. ಆ ಕೈಯಲ್ಲೇ ಕಾಗದ ಇಸಿದುಕೊಂಡು, ನಿಂತೇ ಒಂದೊಂದು ಅಕ್ಷರವನ್ನೂ ಓದಿದಳು. ನಾನು ಎಷ್ಟು ಹೇಳಿದರೂ ಕೂರಲಿಲ್ಲ. ಓದಿ ಮುಗಿಸಿ ಕಾಗದ ನನ್ನ ಕೈಗಿಟ್ಟಳು.

"ಇನ್ನಾದ್ರೂ ನಾನು ಕೂತ್ಕೊಳ್ಳಬಹುದಾ?"

"ಕೂತ್ಕೊಳ್ಳೇ," ಎಂದೆ.

ಕೂತಳು.