ಚರಗದ ಹಿಂದಿನ ನೀರು

ನನ್ನ ಬಾಯಿ ದೊಡ್ಡದು ಎಂದು ಅತನೂರ ಸುತ್ತಮುತ್ತ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಡ್ರೋನ್ ಹಾರಿಸುವ ಹೆಂಗಸಿಗೆ ಬಾಯಿ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಜನ ಅದರ ಕೆಳಗೇ ಬಂದು ನಿಂತು ಫೋಟೋ ತೆಗೆಯುತ್ತಾರೆ. “ಏ ಕಾಕಾ, ಹಿಂದ ಸರೀರಿ! ತಲಿ ಹೋದ್ರ ಮತ್ತ ಹಚ್ಚಾಕ ಬರಂಗಿಲ್ಲ!” ಎಂದು ಕೂಗಿಯೇ ನನ್ನ ದಿನ ಶುರುವಾಗುತ್ತಿತ್ತು. ಇಷ್ಟು ಕೂಗುವ ನಾನು ಒಂದು ದಿನ ಎಡವಿದೆ. ಆ ದಿನದ ಮಾತಿದು.

ನಮ್ಮ ಮಹಿಳಾ ಸಂಘಕ್ಕೆ ಡ್ರೋನ್ ಸಿಕ್ಕಾಗ ತರಬೇತಿಗೆ ಹೋಗಲು ಒಬ್ಬರೂ ಮುಂದೆ ಬರಲಿಲ್ಲ. ನಾನು ಹೋದೆ. ಕಲಿಸುವ ಸರ್ ಮೊದಲ ದಿನವೇ ಹೇಳಿದರು: “ಇದು ಆಟದ ಸಾಮಾನಲ್ಲ. ಕಾನೂನಿನ ಲೆಕ್ಕದಲ್ಲಿ ಇದೂ ಒಂದು ವಿಮಾನ. ನೀವು ಪೈಲಟ್.” ಆಳಂದದ ಹೆಣ್ಣುಮಗಳು, ಜೇವರ್ಗಿಯ ಹೆಣ್ಣುಮಗಳು, ನಾನು, ಮೂವರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ತೊಗರಿಗೆ ಹುಳದ ಎಣ್ಣೆ ಹೊಡೆಯುವ ವಿಮಾನ! ಆಮೇಲೆ ಅವರು ನಿಯಮ ಹೇಳತೊಡಗಿದರು. ಜನರ ತಲೆಯ ಮೇಲೆ ಹಾರಿಸಬಾರದು. ಹೊಲ ಖಾಲಿ ಇದೆಯೆಂದು ಕಣ್ಣಾರೆ ನೋಡದೆ ಮೇಲೇಳಿಸಬಾರದು. ಹೊಲಕ್ಕೆ ಹೊಡೆಯುವ ಔಷಧ ಬಿಟ್ಟು ಡ್ರೋನಿನ ಡಬ್ಬಿಗೆ ಬೇರೇನೂ ಹಾಕಬಾರದು. ಯಾರಿಗಾದರೂ ಪೆಟ್ಟಾದರೆ ಎರಡು ದಿನದೊಳಗೆ ನೀವೇ ವಿಮಾನ ಇಲಾಖೆಗೆ ತಿಳಿಸಬೇಕು, ಮುಚ್ಚಿಟ್ಟರೆ ಅದೂ ತಪ್ಪು, ಲೈಸೆನ್ಸೂ ಹೋದೀತು. ನಮ್ಮ ನಗು ಅಲ್ಲಿಗೆ ನಿಂತಿತು.

ಊರಿಗೆ ಬಂದರೆ ಯಾರೂ ಹೊಲ ಕೊಡಲೊಲ್ಲರು. ಹೆಣ್ಣುಮಗಳು ಹಾರಿಸಿದ ಯಂತ್ರ ತೊಗರಿ ಸುಡುತ್ತದೆ ಎಂದು ಕಟ್ಟೆಯ ಮೇಲೆ ಕೂತವರೇ ತೀರ್ಮಾನ ಮಾಡಿಬಿಟ್ಟಿದ್ದರು. ಆಗ ಕರೆದವರು ದೊಡ್ಡಮಾವ, ನನ್ನ ಮಾವನವರ ಅಣ್ಣ. “ನನ್ನ ತೊಗರಿ ಮ್ಯಾಲ ಹಾರಸು ಬಾ ಯವ್ವಾ. ಸುಟ್ರ ನಂದು ಸುಡ್ತದ, ಅವರಪ್ಪಂದೇನ ಹೋಗತದ?” ಎಂದರು. ದೊಡ್ಡತ್ತೆ, ಅಂದರೆ ಅವರ ಹೆಂಡತಿ, “ಇಬ್ಬರಿಗೂ ಹುಚ್ಚ ಹಿಡದದ” ಎಂದು ಒಳಗೆ ಹೋದರು. ತೊಗರಿ ಸುಡಲಿಲ್ಲ, ಗಿಡ ಬಾಗುವಷ್ಟು ಕಾಯಿ ಬಂತು. ಆಮೇಲೆ ಕರಜಗಿಯ ಕಬ್ಬಿನವರೂ ಕರೆದರು. ಹಾಗಾಗಿ ದೊಡ್ಡಮಾವ ಏನು ಕೇಳಿದರೂ ಇಲ್ಲವೆನ್ನುವ ನಾಲಿಗೆ ನನಗಿರಲಿಲ್ಲ.

ಅವರು ಕೇಳಿದ್ದು ಎಳ್ಳ ಅಮಾವಾಸ್ಯೆಯ ದಿನ. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ಕಡುಬು, ಭಜ್ಜಿ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ನಾವು ಉಣ್ಣುವ ಮೊದಲು ಭೂಮಿತಾಯಿ ಉಣ್ಣಬೇಕು, ಅದಕ್ಕೆ ಚರಗ ಚೆಲ್ಲುವುದು. ಗಂಡ ಮುಂದೆ ಕೂಗುತ್ತ ಅಡುಗೆ ಚೆಲ್ಲಿಕೊಂಡು ಹೋದರೆ ಹೆಂಡತಿ ಹಿಂದೆ ತಂಬಿಗೆಯಿಂದ ನೀರು ಹಾಕುತ್ತ ಹೋಗಬೇಕು. ಉಣ್ಣಲು ಕೊಟ್ಟು ನೀರು ಕೊಡದಿದ್ದರೆ ಹೇಗೆ? ಮದುವೆಯಾದಾಗಿನಿಂದ ದೊಡ್ಡಮಾವ, ದೊಡ್ಡತ್ತೆ ಒಂದು ವರ್ಷವೂ ಇದನ್ನು ತಪ್ಪಿಸಿದವರಲ್ಲ.

ಆ ಸಲ ದೊಡ್ಡಮಾವನ ಮೊಣಕಾಲು ಮುರಿದಿತ್ತು. ಬಂಡಿಯಲ್ಲಿ ಕೂಡಿಸಿಕೊಂಡು ಹೊಲಕ್ಕೆ ತಂದಿದ್ದರು. ಮಗ “ನಾ ಚೆಲ್ತೇನಿ ಬಿಡಪ್ಪಾ” ಎಂದ. “ನಾ ಇರೂತನಕಾ ಚರಗ ನಂದು” ಎಂದು ಅವನ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿದರು. “ಯವ್ವಾ, ನನ್ನ ಕಾಲ ಹೋಗ್ಯಾವ, ನಿನ್ನ ಡ್ರೋನ್ ಅದ ಅಲ್ಲಾ? ಅಂಬಲಿ ತುಂಬು. ಅದು ಚೆಲ್ಲಲಿ, ನಾ ಇಲ್ಲಿಂದ ಕೂಗತೇನಿ.”

ನನಗೆ ಸರ್ ಹೇಳಿದ್ದು ನೆನಪಾಯಿತು. ನೆನಪಾಯಿತು ಎಂದು ಈಗ ಹೇಳಿಕೊಳ್ಳುವುದರಿಂದ ಏನು ಬಂತು, ಮಾಡಿದ್ದನ್ನು ಮಾಡಿಯೇಬಿಟ್ಟೆ. ಸಂಘದ ಕೋಣೆಯಿಂದ ಡ್ರೋನ್ ತರಿಸಿ ಡಬ್ಬಿಯನ್ನು ಮೂರು ಸಲ ತೊಳೆದೆ, ಭೂಮಿತಾಯಿಗೆ ವಿಷ ಉಣ್ಣಿಸಬಾರದಲ್ಲ. ಅಂಬಲಿಯನ್ನು ತೆಳ್ಳಗೆ ಮಾಡಿ ಧೋತರದಲ್ಲಿ ಸೋಸಿ ಹಾಕಿದೆ. ಎಲ್ಲರನ್ನೂ ಬನ್ನಿ ಗಿಡದ ಹಿಂದಕ್ಕೆ ಓಡಿಸಿ, “ಎಲ್ಲಾರೂ ಬಂದ್ರೇನ್ರಿ?” ಎಂದು ಕೂಗಿದೆ. “ಬಂದೇವಿ, ಏಳಸು!” ಎಂದು ಕೂಗು ಬಂತು. ಕಣ್ಣಾರೆ ನೋಡಬೇಕಾದದ್ದನ್ನು ಕಿವಿಯಾರೆ ಕೇಳಿ ಮುಗಿಸಿದೆ.

ಡ್ರೋನ್ ಎದ್ದು ತೊಗರಿಯ ಮೇಲೆ ಸಣ್ಣಗೆ ಅಂಬಲಿ ಉದುರಿಸುತ್ತ ಹೊರಟಿತು. ದೊಡ್ಡಮಾವ ಬಂಡಿಯ ಮೇಲೆಯೇ ಎರಡೂ ಕೈ ಎತ್ತಿ “ಹುಲ್ಲುಲ್ಲಿಗೋ, ಚಲಾಂಬ್ರಿಗೋ” ಎಂದು ಚರಗದ ಕೂಗು ಕೂಗಿದರು, ಕೂಗುತ್ತಲೇ ಅತ್ತರು. ಸಾಲಿನ ಕೊನೆಯಲ್ಲಿ ಡ್ರೋನನ್ನು ತಿರುಗಿಸಿ ಬನ್ನಿ ಗಿಡದ ಕಡೆ ತರುತ್ತಿದ್ದೆ. ಆಗ ಆಳೆತ್ತರದ ತೊಗರಿಯ ನಡುವೆ ಒಂದು ಹಸಿರು ಸೆರಗು ಅಲುಗಿದ್ದು ಕಂಡಿತು. ದೊಡ್ಡತ್ತೆ! ಕೈಯಲ್ಲಿ ತಂಬಿಗೆ ಹಿಡಿದು, ಡ್ರೋನ್ ಹೋದ ಸಾಲಿನಲ್ಲೇ ನೀರು ಹಾಕುತ್ತ ಬರುತ್ತಿದ್ದರು. ಚರಗದ ಹಿಂದೆ ನೀರು ಬೀಳಬೇಕಲ್ಲ!

ಅಯ್ಯಯ್ಯೋ ಎಂದು ಪಕ್ಕಕ್ಕೆ ಎಳೆದೆ. ಡ್ರೋನ್ ಬನ್ನಿಯ ಟೊಂಗೆಗೆ ಬಡಿದು ಬಿತ್ತು, ಮುರಿದ ರೆಕ್ಕೆಯ ಚೂರೊಂದು ಹಾರಿ ದೊಡ್ಡತ್ತೆಯ ಹುಬ್ಬಿನ ಮೇಲೆ ಸೀಳಿತು. ಇನ್ನೊಂದು ಬೆರಳು ಕೆಳಗೆ ತಗುಲಿದ್ದರೆ ಕಣ್ಣೇ ಹೋಗುತ್ತಿತ್ತು. ಮುಖದ ತುಂಬ ರಕ್ತ. ಅವರು ಮಾತ್ರ “ತಂಬಗಿ ಎಲ್ಲಿ ಬಿತ್ತು ನೋಡ್ರಿ” ಎನ್ನುತ್ತಿದ್ದರು.

ಅಫಜಲಪುರದ ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಡಾಕ್ಟರು ಹೇಗಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ದೊಡ್ಡತ್ತೆ ಹೇಳಿದರು: “ಬನ್ನಿ ಟೊಂಗಿ ಬಡೀತ್ರಿ.” ಹೇಳಿ, ಹೊದಿಕೆಯ ಕೆಳಗೆ ನನ್ನ ಕೈ ಹಿಚುಕಿದರು. ಜನ್ಮದಲ್ಲಿ ಸುಳ್ಳಾಡದ ಮುದುಕಿ ನನ್ನ ಲೈಸೆನ್ಸ್ ಉಳಿಸಲು ಸುಳ್ಳಾಡಿದರು.

ಮನೆಗೆ ಬಂದರೆ ಎಲ್ಲರದೂ ಒಂದೇ ರಾಗ. “ಯಾರ ನೋಡ್ಯಾರ? ಬೀದಿಗೆ ಹೋಗೋ ಮಾರೀನ ಮನೀಗೆ ಯಾಕ ಕರೀತಿ?” ಎಂದರು ನನ್ನ ಗಂಡ. ನಾನೂ ಸುಮ್ಮನಾದೆ. ಹೌದು, ಸುಮ್ಮನಾದೆ, ಹರಿಶ್ಚಂದ್ರನ ಮೊಮ್ಮಗಳೇನಲ್ಲ ನಾನು. ಮರುದಿನ ಮಧ್ಯಾಹ್ನ ಕರಜಗಿಯಿಂದ ಫೋನ್ ಬಂತು. “ಅಕ್ಕಾರ, ನಿಮ್ಮ ಡ್ರೋನ್ ಚರಗ ಚೆಲ್ಲೂದು ಮೊಬೈಲ್‌ನಾಗ ನೋಡೇವ್ರಿ. ಭಾರಿ ಅದ! ಮುಂದಿನ ವರ್ಷ ನಮ್ಮ ಹೊಲಕ್ಕೂ ಬರ್ರಿ.” ಯಾರೋ ವಿಡಿಯೋ ತೆಗೆದು, ಬೀಳುವುದಕ್ಕಿಂತ ಮೊದಲಿನ ತುಂಡನ್ನಷ್ಟೇ ಕಳಿಸಿದ್ದರು. ಅಲ್ಲಿಯೂ ಒಬ್ಬ ಅತ್ತೆ ಇರುತ್ತಾಳೆ, ಅವಳ ಕೈಯಲ್ಲೂ ತಂಬಿಗೆ ಇರುತ್ತದೆ.

ಸಂಜೆಯೊಳಗೆ ನಡೆದದ್ದನ್ನೆಲ್ಲ ಮೊಬೈಲಿನಲ್ಲೇ ಬರೆದು ವಿಮಾನ ಇಲಾಖೆಗೆ ಕಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವಿಷಯ ಕೇಳಿ ದೊಡ್ಡತ್ತೆ ಕೆಂಡವಾದರು. “ನಾ ಆಸ್ಪತ್ರ್ಯಾಗ ಸುಳ್ಳ ಹೇಳಿದ್ದು ಯಾರ ಸಲುವಾಗಿ ಬೇ? ನನ್ನ ಸುಳ್ಳಿ ಮಾಡಿದೆಲ್ಲಾ!” ಎಂದವರು ನನ್ನೊಡನೆ ಮಾತು ಬಿಟ್ಟರು. ನನಗೆ ಲೈಸೆನ್ಸಿಗಿಂತ ಅದೇ ಹೆಚ್ಚು ಉರಿಯಿತು.

ಕೆಲವು ದಿನಕ್ಕೆ ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ದೊಡ್ಡಮಾವ ಕೋಲೂರಿಕೊಂಡು ಎದ್ದು ನಿಂತರು. “ಹಾರಸು ಅಂದಾವ ನಾ ಇದ್ದೇನ್ರಿ. ಕೇಸ ನನ್ನ ಮ್ಯಾಲ ಹಾಕ್ರಿ.”

“ಹಾಗೆ ಬರೋದಿಲ್ಲ ಯಜಮಾನರೇ. ಮೇಲೇಳಿಸಿದವರದೇ ಹೊಣೆ” ಎಂದು ಅವರು ನನ್ನನ್ನು ಕೇಳಿದರು, “ಹೊಲ ಖಾಲಿ ಇದೆ ಅಂತ ನೋಡಿದ್ರಾ?”

“ಇಲ್ರಿ ಸರ್. ಕೇಳಿದ್ದೆ, ನೋಡಿರಲಿಲ್ಲ.”

ಆಮೇಲೆ ದೊಡ್ಡತ್ತೆಯನ್ನು ಕೇಳಿದರು, “ಡ್ರೋನ್ ಕೆಳಗೆ ಯಾಕೆ ಹೋದಿರಿ ತಾಯಿ?”

ದೊಡ್ಡತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. “ಮದವಿ ಆದಾಗಿಂದ ಇವರ ಹಿಂದ ನೀರ ಹಾಕೀನ್ರಿ. ಈ ಸಲ ಇವರ ಚರಗ ಮ್ಯಾಲಿಂದ ಹೊಂಟಿತ್ತು. ನಾ ಹಿಂದ ಹೋದೆ.”

ಅಧಿಕಾರಿ ಪೆನ್ನು ಕೆಳಗಿಟ್ಟರು, ನಿಧಾನಕ್ಕೆ ಮತ್ತೆ ಎತ್ತಿಕೊಂಡರು. ನೀವಾಗಿಯೇ ತಿಳಿಸಿದ್ದರಿಂದ ಲೈಸೆನ್ಸ್ ರದ್ದು ಮಾಡುವುದಿಲ್ಲ, ಆದರೆ ಆರು ತಿಂಗಳು ಹಾರಿಸಬಾರದು ಎಂದು ಆದೇಶ ಬಂತು. ನ್ಯಾಯವೇ ಅದು.

ಆರು ತಿಂಗಳು ಮುಗಿದ ಮೇಲೂ ಯಾರೂ ಕರೆಯಲಿಲ್ಲ. ಡ್ರೋನ್ ರಿಪೇರಿಯಾಗಿ ಬಂದು ಸಂಘದ ಕೋಣೆಯಲ್ಲಿ ಕೂತಿತ್ತು. ತೊಗರಿ ಹೂವಿಗೆ ಬಂದಾಗ ಒಂದು ಬೆಳಿಗ್ಗೆ ದೊಡ್ಡತ್ತೆಯೇ ನಮ್ಮ ಬಾಗಿಲಿಗೆ ಬಂದರು. ಅಷ್ಟು ತಿಂಗಳಲ್ಲಿ ಮೊದಲ ಮಾತು. “ಹುಳ ಬಿದ್ದದ. ಬರ್ತಿಯೋ ಇಲ್ಲೋ?”

ಹೊಲಕ್ಕೆ ಹೋದೆ. ಎಲ್ಲ ಜೋಡಿಸಿ ರಿಮೋಟ್ ಹಿಡಿದು ನಿಂತರೆ, ಹಿಂದೆ ಸರಿಯಿರಿ ಎಂದು ಕೂಗಲು ಬಾಯಿಯೇ ಬರಲೊಲ್ಲದು. ದೊಡ್ಡತ್ತೆ ದೂರದ ಬದುವಿನ ಮೇಲೆ, ನನ್ನ ಕಣ್ಣಿಗೆ ನೇರ ಕಾಣುವ ಹಾಗೆ ಕುಳಿತು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಹುಬ್ಬಿನ ಮೇಲೆ ಗಾಯದ ಗೆರೆ.

“ಎಲ್ಲಿ ಹೋತ ಬೇ ನಿನ್ನ ಬಾಯಿ?” ಎಂದು ಅಲ್ಲಿಂದಲೇ ಕೂಗಿದರು. “ನಾ ಇಲ್ಲೇ ಕುಂತೇನಿ. ಕಣ್ಣಾರೆ ನೋಡಿಕೋ, ಆಮ್ಯಾಲ ಏಳಸು.”

ನೋಡಿದೆ. ಕಣ್ಣೀರು ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಆಮೇಲೆ ಏಳಿಸಿದೆ.