ನೀಲಿ ಅಂಚಿನ ಬೋಗುಣಿ

ಕಾಕಾ ಅವರ ಬಲಗೈ ಎಡಗೈಗಿಂತ ಒಂದು ಬಣ್ಣ ಹೆಚ್ಚು ಕಪ್ಪು. ಇಪ್ಪತ್ತಾರು ವರ್ಷ ಲಂಡನ್ನಿನ ಕೆಂಪು ಬಸ್ಸು ಓಡಿಸಿದವರು. ಈ ಊರಿನ ಬಡಪಾಯಿ ಬಿಸಿಲು ಕೂಡ ಕಿಟಕಿಯ ಕಡೆಯ ಕೈಯನ್ನು ಬಿಟ್ಟಿರಲಿಲ್ಲ. ಆ ರವಿವಾರ ಮಧ್ಯಾಹ್ನ ಅದೇ ಕೈಯನ್ನು ನಮ್ಮ ಗೇಟಿನ ಮೇಲೆ ಊರಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಕಿಂಗ್ಸ್‌ಬರಿ ರಸ್ತೆಯ ಅಂಗಡಿಯಿಂದ ತಂದ ಮೆಂತ್ಯದ ಸೊಪ್ಪಿನ ಚೀಲ. ನಾನು ಕಾರಿನ ಗಾಜು ಒರೆಸುತ್ತಿದ್ದೆ.

"ತಂಗಿ, ನಕಾಶೆ ತಗದಿಟ್ಟೀನಿ," ಎಂದರು. "ಸಂಜಿಗಿ ಬಾ. ಆ ಊರ ಹೆಸರ ನೋಡಿ ಒಂದ ಪತ್ರ ಬರದಬಿಡೂಣು. ಬೋಗುಣಿ ಪೋಸ್ಟಿಗಿ ಹಾಕೂಣು. ನನ್ನ ಮೊಣಕಾಲ ಇನ್ನ ಅಲ್ಲೀತನಕ ಬರೂದಿಲ್ಲ."

"ಇವತ್ತ ಬ್ಯಾಡ್ರಿ ಕಾಕಾ. ಮುಂದಿನ ರವಿವಾರ ಬರ್ತೀನಿ."

"ಎಂಟ ವರ್ಷ ಆತು. ಒಂದ ವಾರಕ್ಕ ಏನಾಗತೈತಿ," ಎಂದು ನಕ್ಕು, ಕಾರಿನ ಮುಂದಿನ ಟೈರನ್ನು ಕಾಲಿನಿಂದ ಒತ್ತಿ ನೋಡಿದರು. "ಗಾಳಿ ಕಡಿಮಿ ಐತಿ. ಹಾಕಿಸ್ಕೋ."

ಅವರು ನನಗೆ ಹೇಳಿದ ಕೊನೆಯ ಮಾತು ಅದು. ಬುಧವಾರ ಬೆಳಿಗ್ಗೆ ಹತ್ತು ಗಂಟೆಯಾದರೂ ಅವರ ಬಾಗಿಲಲ್ಲಿ ಹಾಲಿನ ಬಾಟಲಿ ಹಾಗೇ ನಿಂತಿತ್ತು. ಅವರ ಮನೆಯ ಒಂದು ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ಬಾಗಿಲು ತೆರೆದವಳು ನಾನೇ. ಕುರ್ಚಿಯಲ್ಲಿ ಕೂತಿದ್ದರು. ಟೀವಿ ನಡೆದಿತ್ತು.

ಕಾಕಾ ನಮ್ಮ ಸಂಬಂಧಿಕರಲ್ಲ. ಅವರು ಬಿಜಾಪುರದ ಕಡೆಯವರು, ನಾನು ಧಾರವಾಡದವಳು. ಮದುವೆಯಾಗಿ ಲಂಡನ್ನಿಗೆ ಬಂದ ಮೊದಲ ತಿಂಗಳು ತರಕಾರಿ ಅಂಗಡಿಯಲ್ಲಿ ನಿಂತು, "ಯವ್ವಾ, ಇದೇನ್ ಬದನಿಕಾಯೋ ಕುಂಬಳಕಾಯೋ" ಎಂದು ನನ್ನಷ್ಟಕ್ಕೆ ಗೊಣಗಿಕೊಂಡಿದ್ದೆ. ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕರು. "ಧಾರವಾಡದಾಕಿ ಏನ? ಬಾ, ಸಣ್ಣ ಬದನಿಕಾಯಿ ಎಲ್ಲಿ ಸಿಗತಾವ ತೋರಸ್ತೀನಿ." ಅದು ಕಾಕಿ, ಕಾಕಾ ಅವರ ಹೆಂಡತಿ. ಅವರ ಮನೆ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಎಂದು ಅಂದೇ ಗೊತ್ತಾಯಿತು. ಆಮೇಲೆ ಎರಡು ಮನೆಗಳ ನಡುವೆ ಡಬ್ಬಿಗಳು ಓಡಾಡತೊಡಗಿದವು. ಅಲ್ಲಿಂದ ಶೇಂಗಾ ಚಟ್ನಿ ಬಂದರೆ ಇಲ್ಲಿಂದ ಆ ಡಬ್ಬಿಯಲ್ಲಿ ಅವಲಕ್ಕಿ ಹೋಗುತ್ತಿತ್ತು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಖಾಲಿ ಡಬ್ಬಿ ಮಾತ್ರ ಎಂದೂ ತಿರುಗಿ ಹೋಗಲಿಲ್ಲ. ನಮ್ಮಮ್ಮ ಕಲಿಸಿದ್ದು ಅದು, ಅವರಮ್ಮನೂ ಕಲಿಸಿದ್ದರು.

ತೊಂಬತ್ತರ ದಶಕದ ಕೊನೆಗೆ ಕಾಕಿಯ ತಂಗಿಯ ಮಗಳ ಮದುವೆಗೆಂದು ಇಬ್ಬರೂ ಅಮೆರಿಕಾಕ್ಕೆ ಹೋದರು. ಮದುವೆ ಮುಗಿದ ಮೇಲೆ ಹತ್ತು ದಿನ ಬಾಡಿಗೆ ಕಾರು ಹಿಡಿದು ಮರುಭೂಮಿಯಲ್ಲಿ ತಿರುಗಿದರು. ಆಯುಷ್ಯವಿಡೀ ಗಾಡಿ ಓಡಿಸಿದ ಮನುಷ್ಯ ರಜೆಯಲ್ಲೂ ಗಾಡಿಯನ್ನೇ ಓಡಿಸಿದರೆಂದು ಕಾಕಿ ಎಲ್ಲರೆದುರು ಆಡಿಕೊಳ್ಳುತ್ತಿದ್ದರು. "ಎಡಗೈಗೂ ಒಂದೀಟ ನ್ಯಾಯ ಸಿಗಲಿ ಅಂತ ಹೋಗಿದ್ದೆ," ಎನ್ನುವರು ಕಾಕಾ. ಅಲ್ಲಿ ಗಾಡಿ ಓಡಿಸುವವನ ಕಿಟಕಿ ಎಡಕ್ಕೆ. ಬಂದಾಗ ಎಡಗೈ ನಿಜವಾಗಿಯೂ ಸುಟ್ಟಿತ್ತು.

ಅದರ ಎರಡನೆಯ ಚಳಿಗಾಲಕ್ಕೆ ಕಾಕಿ ತೀರಿಕೊಂಡರು. ಮರುವರ್ಷ ಕಾಕಾ ನಿವೃತ್ತರಾದರು. ಮನೆಯಲ್ಲಿ ಕೂತು ಕೂತು ಮಂಕಾಗಿದ್ದವರು ಒಂದು ದಿನ ನಮ್ಮ ಬಾಗಿಲು ಬಡಿದು, "ತಂಗಿ, ಗಾಡಿ ಕಲೀತಿ ಏನ?" ಎಂದು ಕೇಳಿದರು. ನನಗೆ ಮೂವತ್ತು ದಾಟಿತ್ತು. ಬಸ್ಸಿನಲ್ಲಿ ಕೂಡ ಎದುರಿನಿಂದ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವವಳು. ಆದರೂ ಹೂಂ ಎಂದೆ. ಅವರ ಮುಖ ನೋಡಿ ಒಲ್ಲೆ ಎನ್ನಲಾಗಲಿಲ್ಲ.

ಕಾಕಾ ಅವರ ಪಾಠದಲ್ಲಿ ನಿಯಮ ಒಂದೇ: ಗಾಡಿ ನಡೆಯುವಾಗ ಮಾತಿಲ್ಲ. ಎಡಕ್ಕೆ, ಬಲಕ್ಕೆ, ನಿಲ್ಲಿಸು, ಇಷ್ಟೇ. ಏನಿದ್ದರೂ ಕೆಂಪು ದೀಪದಲ್ಲಿ. ಹೀಗಾಗಿ ಅಮೆರಿಕಾದಲ್ಲಿ ಅವರು ಕಂಡ ಮರುಭೂಮಿಯ ಒಂದು ಊರಿನ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿತು. ದೀಪ ಹಸಿರಾದರೆ ಅರ್ಧ ಮಾತಿಗೆ ನಿಲ್ಲಿಸಿಬಿಡುವರು. ಮುಂದಿನ ಕೆಂಪು ದೀಪದಲ್ಲಿ ಬಿಟ್ಟ ಶಬ್ದದಿಂದಲೇ ಶುರು.

"ಆ ಊರಾಗೂ ಒಂದ ದೀಪ ಇತ್ತು ತಂಗಿ. ಒಂದ. ತಂತಿಗಿ ಜೋತಬಿದ್ದಿತ್ತು, ಗಾಳಿಗಿ ತೊಟ್ಟಲಾ ತೂಗಿಧಂಗ ತೂಗತಿತ್ತು. ಕೆಂಪಾತು, ನಾ ನಿಂತೆ. ಈ ಕಡೆ ನೋಡಿದ್ರ ಮರಳು, ಆ ಕಡೆ ನೋಡಿದ್ರ ಮರಳು. ನಿಮ್ಮ ಕಾಕಿ ಅಂದ್ಲು..."

ಹಸಿರು. ಕ್ವೀನ್ಸ್‌ಬರಿಯ ದೀಪದ ತನಕ ಕಾಕಿ ಏನಂದರೆಂದು ಕಾಯಬೇಕಾಯಿತು.

"...ಯಾರೂ ಇಲ್ಲಲ್ರೀ, ನಡೀರಿ, ಯಾರಿಗಿ ಅಂಜತೀರಿ, ಅಂದ್ಲು. ಅಂಜೂ ಮಾತಲ್ಲ, ದೀಪ ಹಚ್ಚಿಟ್ಟಾರಲ್ಲ, ಅವರಿಗಿ ಮರ್ಯಾದಿ ಕೊಡಬೇಕು, ಅಂದೆ."

ಹಾಗೆ ನಿಂತದ್ದನ್ನು ರಸ್ತೆಯ ಪಕ್ಕದ ಸಣ್ಣ ಹೋಟೆಲಿನ ಹೆಂಗಸು ನೋಡಿದಳಂತೆ. ಗಾಡಿಯೊಂದು ನಿಂತಿತೆಂದರೆ ಗಿರಾಕಿಯೇ ಬಂದನೆಂದು ಓಡಿಬಂದು, ಬಾಗಿಲಿನ 'ಮುಚ್ಚಿದೆ' ಎಂಬ ಹಲಗೆಯನ್ನು ತಿರುವಿ 'ತೆರೆದಿದೆ' ಮಾಡಿದಳು. ಇನ್ನು ಮುಂದೆ ಹೋಗುವುದು ಹೇಗೆ? ದೀಪ ಹಸಿರಾದರೂ ಕಾಕಾ ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡರು.

ಆ ಊರಿನಲ್ಲಿ ಗಣಿ ಮುಚ್ಚಿತ್ತು. ಗಣಿ ಮುಚ್ಚಿದ ಮೇಲೂ ದಾರಿಹೋಕರಿಂದ ಹೇಗೋ ಬದುಕಿದ್ದ ಊರು. ಆಮೇಲೆ ದೊಡ್ಡ ರಸ್ತೆಯನ್ನು ನಾಲ್ಕು ಮೈಲಿ ಆಚೆ ಹೊಸದಾಗಿ ಹಾಕಿದರು. ಪೆಟ್ರೋಲ್ ಪಂಪಿಗೆ ಪೈಪುಗಳಿರಲಿಲ್ಲ. ಸಿನಿಮಾ ಮಂದಿರದ ನೆತ್ತಿಯಲ್ಲಿ ಮೂರೇ ಅಕ್ಷರ ಉಳಿದಿದ್ದವು. ಶಾಲೆಯ ಜೋಕಾಲಿಯ ಸರಪಳಿಗಳನ್ನು ಯಾರೋ ಮೇಲಿನ ಕಂಬಿಗೆ ಸುತ್ತಿ ಬಿಟ್ಟಿದ್ದರು, ಗಾಳಿಗೆ ಸಪ್ಪಳ ಮಾಡದಿರಲೆಂದು. ಅಂಗಡಿಗಳ ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದರು. ಆ ಹಲಗೆಗಳ ಮೇಲೆ ಪರದೆ, ಹೂವಿನ ಕುಂಡ, ಒಂದು ಕಡೆ ಮಲಗಿದ ಬೆಕ್ಕು, ಎಲ್ಲ ಬಣ್ಣದಲ್ಲಿ ಬರೆದಿತ್ತು. ದೂರದಿಂದ ನೋಡಿದವರಿಗೆ ಒಳಗೆ ಜನ ಇದ್ದಾರೆ ಅನಿಸಬೇಕು. ಕಾಕಾ ಒಂದು ಫೋಟೋ ಕೂಡ ತೆಗೆಯಲಿಲ್ಲ. ಯಾಕೆಂದು ಕೇಳಿದೆ.

"ಜಡ್ಡಾದವರ ಫೋಟೋ ತಗೀತಾರೇನ ಯಾರರ?"

ದೊಡ್ಡ ರಸ್ತೆ ಸರಿದ ಮಾತು ಬಂದಾಗಲೆಲ್ಲ ಅವರು ಇನ್ನೊಂದನ್ನು ನೆನೆಯುತ್ತಿದ್ದರು. ಒಮ್ಮೆ ಅವರ ಬಸ್ಸಿನ ದಾರಿಯನ್ನು ಬದಲಿಸಿದ್ದರು. ಹಳೆಯ ಸ್ಟಾಪಿನಲ್ಲಿ ಒಬ್ಬ ಮುದುಕಿ ವಾರವಿಡೀ ನಿಂತಿದ್ದಳಂತೆ. "ದಾರಿ ಬದಲಾಗೈತಿ ಅಂತ ಚೀಟಿ ಹಚ್ಚಿದ್ರು. ಆಕಿ ಓದಿದ್ಲು. ಓದಿನೂ ನಿಂತಿದ್ಲು. ನಾ ಅಡ್ಡರಸ್ತೆದಾಗಿಂದ ನೋಡಕೋತ ಹೋದೆ, ಬಸ್ಸ ತಿರಗಸಾಕ ಬರತಿರಲಿಲ್ಲ." ಇದನ್ನು ಹೇಳಿದ ದಿನ ದೀಪ ಹಸಿರಾದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ. ಹಿಂದಿನ ವ್ಯಾನಿನವನು ಹಾರ್ನ್ ಹೊಡೆದ.

ಆ ಹೋಟೆಲಿನ ಹೆಂಗಸು ಕಾಕಿಯ ವಾರಿಗೆಯವಳು. ದಪ್ಪ ಕನ್ನಡಕ, ಬಿಳಿ ಬೂಟು. "ಆಕಿ ಇಂಗ್ಲಿಷ್ ನಮಗ ತಿಳೀಲಿಲ್ಲ, ನಮ್ಮ ಇಂಗ್ಲಿಷ್ ಆಕಿಗಿ ತಿಳೀಲಿಲ್ಲ. ಆದ್ರ ಒಂದೂವರಿ ತಾಸ ಮಾತಾಡಿದ್ವಿ," ಎನ್ನುವರು ಕಾಕಾ. ಹೆಂಗಸು ಕಾಕಿಯ ಹಸಿರು ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಗಂಡ ಗಣಿಯಲ್ಲಿದ್ದು ತೀರಿಕೊಂಡವನೆಂದೂ, ತಾನು ಹೊರಟುಬಿಟ್ಟರೆ ಆ ದೀಪವನ್ನು ನೋಡುವವರು ಯಾರೂ ಇರುವುದಿಲ್ಲವೆಂದೂ ಹೇಳಿದಳು. ಮಾಂಸ ತಿನ್ನದವರೆಂದು ತಿಳಿದು ಬೇರೆಯಾಗಿ ಹುರುಳಿಕಾಯಿಯ ಬೀಜದಂಥ ಕೆಂಪು ಕಾಳು ಬೇಯಿಸಿ ಬಡಿಸಿದಳು. ಹೊರಡುವಾಗ ಮುಂದೆ ಎಂಬತ್ತು ಮೈಲಿ ಏನೂ ಸಿಗದೆಂದು, ಉಳಿದ ಕಾಳು ಮತ್ತು ಮೆಕ್ಕೆಜೋಳದ ರೊಟ್ಟಿಯನ್ನು ತನ್ನ ಮನೆಯ ಬೋಗುಣಿಯಲ್ಲಿ ಹಾಕಿ ಕೊಟ್ಟಳು. ಬಿಳಿ ಎನಾಮೆಲ್ಲಿನ ಬೋಗುಣಿ. ಅಂಚಿಗೆ ನೀಲಿ ಗೆರೆ, ಮೇಲೊಂದು ಮುಚ್ಚಳ.

ಮೂವತ್ತು ಮೈಲಿ ಹೋಗಿ ಗಾಡಿ ನಿಲ್ಲಿಸಿ ಉಂಡರು. ಕಾಕಿ ಕುಡಿಯುವ ನೀರಿನಲ್ಲೇ ಬೋಗುಣಿ ತೊಳೆದರು. ಕಾಕಾ ಗಾಡಿ ತಿರುಗಿಸಿದರು, ಕೊಟ್ಟು ಬಂದರಾಯಿತೆಂದು. ಕಾಕಿ ಅವರ ಕೈ ಹಿಡಿದರು.

"ಖಾಲಿ ಬೋಗುಣಿ ಕೊಡತೀರೇನ್ರಿ? ಅನ್ನಾ ಹಾಕಿ ಕೊಟ್ಟಾಕಿಗಿ?"

ಗಾಡಿಯಲ್ಲಿ ಏನಿತ್ತು? ಒಡೆದ ಬಿಸ್ಕಿಟ್ ಪುಡಿಕೆ ಒಂದು. ಎಂಜಲಾದದ್ದನ್ನು ಕೊಡುವುದು ಹೇಗೆ? ಮುಂದಿನ ಊರಿನಲ್ಲಿ ಸಕ್ಕರೆ ಕೊಂಡು ತರೋಣವೆಂದು ಮುಂದೆ ಹೋದರು. ಮುಂದಿನ ಊರು ತಲುಪಿದಾಗ ಕತ್ತಲಾಗಿತ್ತು, ಮರುದಿನ ಕಾರು ಒಪ್ಪಿಸಬೇಕಿತ್ತು. ಬೋಗುಣಿ ಲಂಡನ್ನಿಗೆ ಬಂತು.

"ಖಾಲೀನ ಕೊಟ್ಟಿದ್ರ ಆಕಿಗಿ ಏನೂ ಅನಸ್ತಿರಲಿಲ್ಲ ತಂಗಿ," ಎಂದರು ಕಾಕಾ, ವೆಂಬ್ಲಿಯ ಒಂದು ಉದ್ದನೆಯ ಕೆಂಪು ದೀಪದಲ್ಲಿ. "ಎರಡನೇ ಸರ್ತಿ ನಮ್ಮ ಗಾಡಿ ನೋಡಿದ್ರ ಆಕಿಗಿ ಎಷ್ಟ ಖುಷಿ ಆಗತಿತ್ತು. ಅದ ನಮಗ ಹೊಳೀಲಿಲ್ಲ."

ಊರಿನ ಹೆಸರು ಅವರಿಗೆ ಬಾಯಿಗೆ ಬರುತ್ತಿರಲಿಲ್ಲ. "ನಕಾಶೆದಾಗ ಐತಿ. ನಿಮ್ಮ ಕಾಕಿ ಪೆನ್ಸಿಲ್‌ಲೆ ಸುತ್ತ ಗೆರಿ ಹಾಕ್ಯಾಳ." ನೋಡಿ ಹೇಳಿ ಎಂದರೆ ಬಸ್ಸಿನ ಮಾತಿಗೆ ಹೊರಳುವರು. ಕಾಕಿ ಹೋದ ಮೇಲೆ ಆ ನಕಾಶೆಯನ್ನು ಅವರು ಬಿಚ್ಚಿಯೇ ಇರಲಿಲ್ಲ. ಹೋಗಿಯೇ ಕೊಟ್ಟು ಬರುತ್ತೇನೆ, ಕಾಕಿ ಆ ಹೆಂಗಸಿಗೆ ಹಾಗೆ ಮಾತು ಕೊಟ್ಟಿದ್ದಾಳೆ ಎನ್ನುತ್ತ ಎಷ್ಟೋ ಬೇಸಿಗೆ ಕಳೆದವು. ಮೊಣಕಾಲು ಕೆಟ್ಟಿತು.

ಮೂರನೆಯ ಪರೀಕ್ಷೆಯಲ್ಲಿ ನಾನು ಪಾಸಾದೆ. ಕಾಕಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಚೀಟಿ ತೋರಿಸಿದೆ. ಓದಿ, ಮಡಚಿ ನನ್ನ ಕೈಗಿಟ್ಟು, "ಇನ್ನ ನೀ ಮಾತಾಡಕೋತ ಓಡಸಬಹುದು. ಆದ್ರ ಓಡಸಬ್ಯಾಡ," ಎಂದರು. ಆ ಲೈಸೆನ್ಸಿನಿಂದಲೇ ನನಗೆ ಕೆಲಸ ಸಿಕ್ಕಿತು. ಒಂಟಿಯಾಗಿರುವ ಮುದುಕರ ಮನೆಗಳಿಗೆ ಹೋಗಿ ಸ್ನಾನ ಮಾಡಿಸುವುದು, ಔಷಧಿ ಕೊಡುವುದು, ನಾಲ್ಕು ಮಾತಾಡುವುದು. ನನ್ನ ಅನ್ನ ಅವರು ಕಲಿಸಿದ್ದು.

ಆ ಕೊನೆಯ ರವಿವಾರ ನಾನು ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಿಲ್ಲ. ಕೇಳಿದರೆ ಹೇಳುವುದು ಕಷ್ಟ. ನನಗೆ ಆ ಸಂಜೆ ಬೇರೆ ಕೆಲಸವಿರಲಿಲ್ಲ. ಹದಿನೈದು ದಿನದ ಹಿಂದೆ ಕಾಕಾ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಳಿಸಿದ್ದರು, ತಾವೇ ಕುಟ್ಟಿದ್ದು. ಡಬ್ಬಿ ತೊಳೆದು ಇಟ್ಟಿದ್ದೆ. ಮನೆಯಲ್ಲಿ ಅದರೊಳಗೆ ಹಾಕುವಂಥದ್ದು ಏನೂ ಇರಲಿಲ್ಲ. ಈ ಸಲ ಬರಿ ಸಕ್ಕರೆ ಬೇಡ, ಅವರಿಗೆ ಸೇರುವ ಶೇಂಗಾ ಹೋಳಿಗೆ ಮಾಡಿ ಮುಂದಿನ ರವಿವಾರ ಒಯ್ಯೋಣ ಎಂದುಕೊಂಡೆ. ಅಷ್ಟೇ ಕಾರಣ.

ಕಾಕಾ ಅವರ ಮಗ ಬ್ರಿಸ್ಟಲ್‌ನಿಂದ ಬಂದ. ಒಳ್ಳೆಯವನು, ಕಡಿಮೆ ಮಾತಿನವನು. ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾವು ಓಣಿಯವರೇ ಅಡಿಗೆ ಒಯ್ದೆವು. ಬಿಸಿ ಪಾತ್ರೆ ಇಡಲು ಯಾರೋ ಊಟದ ಮೇಜಿನ ಮೇಲೆ ಕೈಗೆ ಸಿಕ್ಕ ಕಾಗದಗಳನ್ನೆಲ್ಲ ಹಾಸಿದ್ದರು. ನಾನೂ ಅದರ ಮೇಲೆಯೇ ಅನ್ನದ ಪಾತ್ರೆ ಇಳಿಸಿದ್ದೆ. ಕೆಳಗೆ ಏನು ಹಾಸಿದೆ ಎಂದು ನೋಡಿರಲಿಲ್ಲ.

ಎರಡು ವಾರದ ಮೇಲೆ ಮಗ ಮನೆ ಖಾಲಿ ಮಾಡುವಾಗ ಬೋಗುಣಿ ತಂದು ನನ್ನ ಕೈಗೆ ಕೊಟ್ಟ. "ಅಕ್ಕ, ಇದು ಟೇಬಲ್ ಮೇಲೇ ಇತ್ತು. ಒಳಗೆ ಕನ್ನಡದಲ್ಲಿ ಏನೋ ಬರೆದಿದೆ, ನನಗೆ ಓದೋಕೆ ಬರಲ್ಲ."

ಮುಚ್ಚಳ ತೆಗೆದೆ. ಹಳೆಯ ಲಕೋಟೆಯ ಬೆನ್ನಿಗೆ ಕಾಕಾ ಬರೆದಿದ್ದರು: ತಂಗೀಗಿ ಕೇಳೂದು. ಇದರಾಗ ಏನ್ ಹಾಕಿ ಕಳಸೂದು?

"ಇದರ ಸಂಗಡ ಒಂದು ಮ್ಯಾಪ್ ಇತ್ತಲ್ಲ?" ಎಂದು ಕೇಳಿದೆ.

"ದೊಡ್ಡದಾ? ಓಪನ್ ಆಗಿತ್ತು, ಅದಾ?" ಎಂದ. "ಅದರ ಮೇಲೆ ಸಾರು ಚೆಲ್ಲಿ ಹೋಗಿತ್ತು ಅಕ್ಕ. ಎಲ್ಲ ಪೇಪರ್ ಜೊತೆ ಬಿನ್‌ಗೆ ಹಾಕಿಬಿಟ್ವಿ. ಇಂಪಾರ್ಟೆಂಟಾ?"

ಇಲ್ಲ ಎಂದೆ.

ಕಾಕಿಯ ತಂಗಿಗೆ ಫೋನು ಮಾಡಿದೆ. ಅವರು ಎಲ್ಲೆಲ್ಲಿ ತಿರುಗಿದರೋ ತಮಗೆ ತಿಳಿಯದು ಎಂದರು. ನನ್ನ ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಗಣಿ ಮುಚ್ಚಿದ, ರಸ್ತೆ ಸರಿದ, ಕಿಟಕಿಗೆ ಹಲಗೆ ಬಡಿದ ಊರು ಎಂದು ನಾನು ಹೇಳುತ್ತ ಹೋದೆ. "ಅಮ್ಮಾ, ದೇರ್ ಆರ್ ಹಂಡ್ರೆಡ್ಸ್," ಎಂದಳು. ನೂರಾರು ಇವೆಯಂತೆ. ಆ ಹೆಂಗಸು ಇದ್ದಾಳೋ ಇಲ್ಲವೋ, ದೀಪ ಇನ್ನೂ ಉರಿಯುತ್ತದೋ ಇಲ್ಲವೋ, ಯಾರನ್ನು ಕೇಳಲಿ?

ಕೆಲಸಕ್ಕೆ ಹೋಗುವಾಗ ಕೆಂಪು ದೀಪ ಬಿದ್ದರೆ ಪಕ್ಕದ ಸೀಟಿನಿಂದ ಮಾತು ಶುರುವಾಗುತ್ತದೆಂದು ಕಿವಿ ಈಗಲೂ ಕಾಯುತ್ತದೆ. ಅಡಿಗೆಮನೆಯ ಕಪಾಟಿನಲ್ಲಿ ಎರಡು ಪಾತ್ರೆಗಳಿವೆ. ಕಾಕಾ ಅವರ ಸ್ಟೀಲಿನ ಡಬ್ಬಿ, ನೀಲಿ ಅಂಚಿನ ಬೋಗುಣಿ. ಎರಡರಲ್ಲೂ ಸಕ್ಕರೆ ಹಾಕಿಟ್ಟಿದ್ದೇನೆ. ಪತ್ರವನ್ನೂ ಬರೆದಿಟ್ಟಿದ್ದೇನೆ. ಲಕೋಟೆಯ ಮೇಲೆ ಬರೆಯಲು ಊರಿನ ಹೆಸರು ಇಲ್ಲ.