ಪಟ್ಟಿಯಲ್ಲಿಲ್ಲದ ಕಸುಬು

ಸುಟ್ಟುಹೋದ ಮೋಟಾರಿನ ಹಳೇ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತುವುದು ಅವಳ ಕಸುಬು. ಹನ್ನೊಂದು ವರ್ಷ ಫ್ಯಾನ್ ಕಾರ್ಖಾನೆಯಲ್ಲಿ ಅದನ್ನೇ ಮಾಡಿದ್ದಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯ ಮೆಟ್ಟಿಲ ಕೆಳಗೇ ಅಂಗಡಿ ಇಟ್ಟಳು. ಬೀದಿಗೆಲ್ಲ ಅವಳು ಮೋಟಾರಕ್ಕ. ಹೊಸ ಗಿರಾಕಿಗಳು ಮಾತ್ರ ಒಳಗೆ ಇಣುಕಿ, ಮೇಸ್ತ್ರಿ ಎಲ್ಲಿ ಎಂದು ಕೇಳುತ್ತಾರೆ. ಎದುರಿಗೇ ನಿಂತಿದ್ದೀನಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿದೆ.

ಪಂಪ್ ವ್ಯಾಪಾರಿಯೊಬ್ಬ ಮೂವತ್ತು ಕೆಟ್ಟ ಪಂಪುಗಳ ಕೆಲಸ ಕೊಡಲು ಒಪ್ಪಿದ. ತಿಂಗಳ ಕೊನೆಯೊಳಗೆ ಮುಗಿಯಬೇಕು. ಕೈಯಲ್ಲಿ ಸುತ್ತಿದರೆ ದಿನಕ್ಕೆ ಒಂದು, ಸುತ್ತುವ ಯಂತ್ರವಿದ್ದರೆ ಮೂರು. ಯಂತ್ರ ಬಂದ ದಿನವೇ ಪಂಪು ಇಳಿಸುತ್ತೇನೆ ಎಂದ. ಅವಳು ಹೆಂಗಸರಿಗೆ ಕಿರುಸಾಲ ಕೊಡುವ ಸಂಸ್ಥೆಗೆ ಹೇಳಿ ಕಳಿಸಿದಳು.

ಅರ್ಜಿ ತುಂಬಲು ಬಂದ ಅಧಿಕಾರಿಯ ಫೋನಿನಲ್ಲಿ ಕಸುಬುಗಳ ಪಟ್ಟಿಯಿತ್ತು: ಹೊಲಿಗೆ, ತಿಂಡಿ ತಯಾರಿ, ಕೋಳಿ ಸಾಕಣೆ, ಬ್ಯೂಟಿ ಪಾರ್ಲರ್. ಇದರಲ್ಲಿ ಯಾವುದೂ ಅಲ್ಲ ಎಂದಳು. ಆತ ತಲೆ ಕೆರೆದುಕೊಂಡ.

"ತಂತೀನೂ ಒಂಥರಾ ದಾರಾನೇ ಅಲ್ವಾ ಅಕ್ಕಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆಯನ್ನು ಒತ್ತಿಯಾಗಿತ್ತು. ಕೋಳಿ ಅಂತ ಬರೆದರೂ ತಮ್ಮದೇನೂ ತಕರಾರಿಲ್ಲ, ಸಾಲ ಬಂದರೆ ಸರಿ ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ಒಂಬತ್ತು ದಿನಕ್ಕೆ ಸಾಲ ಮಂಜೂರಾಯಿತು. ಆದರೆ ಸಂಸ್ಥೆ ಕೈಗೆ ಹಣ ಕೊಡುವುದಿಲ್ಲ, ತಾನೇ ಸಾಮಾನು ಕೊಂಡು ಕಳಿಸುತ್ತದೆ. ಸರಕಿನ ಗಾಡಿಯಿಂದ ಇಳಿದದ್ದು ಹೊಲಿಗೆ ಯಂತ್ರ.

ಜೊತೆಗೆ ಬಂದಿದ್ದ ಅಧಿಕಾರಿಗೆ ಗಾಬರಿಯಾಗಲಿಲ್ಲ. ನೀವು ರಸೀದಿಗೆ ಸಹಿ ಹಾಕಿ, ಅದರ ಮುಂದೆ ಕೂತು ಒಂದು ಫೋಟೊ ತೆಗೆಸಿಕೊಂಡು, ಆಮೇಲೆ ಮಾರಿ ನಿಮಗೆ ಬೇಕಾದ್ದು ಕೊಳ್ಳಿ, ಎಲ್ಲರೂ ಹಾಗೇ ಮಾಡ್ತಾರೆ ಎಂದು ಸಮಾಧಾನ ಹೇಳಿದ. ಅವಳು ಹೊಲಿಗೆ ಯಂತ್ರದ ಅಂಗಡಿಯವನಿಗೆ ಫೋನ್ ಮಾಡಿ ವಿಚಾರಿಸಿದರೆ, ಒಮ್ಮೆಯೂ ಬಳಸದಿದ್ದರೂ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಮುರಿದುಕೊಳ್ಳುತ್ತೇನೆ ಎಂದ. ಅಷ್ಟರಲ್ಲಿ ಅತ್ತೆ ಯಂತ್ರದ ಮೇಲೆ ಬಟ್ಟೆ ಹೊದಿಸಿ, ನೋಡೋಕೆ ಲಕ್ಷಣವಾಗಿದೆ ಎಂದಿದ್ದರು.

ಅವಳು ಸಹಿ ಹಾಕಲಿಲ್ಲ. ಬಟ್ಟೆ ತೆಗೆದು, ಯಂತ್ರವನ್ನು ಅದೇ ಗಾಡಿಗೆ ಹತ್ತಿಸಿ, ಪಕ್ಕದಲ್ಲೇ ಕೂತು ಸಂಸ್ಥೆಯ ಶಾಖೆಗೆ ಹೋದಳು.

ಮ್ಯಾನೇಜರ್ ತಾಳ್ಮೆಯ ಮನುಷ್ಯ. ಈ ವರ್ಷ ಎಂಟುನೂರು ಹೆಂಗಸರು ಹೊಲಿಗೆ ಉದ್ಯಮಿಗಳಾಗಿದ್ದಾರೆಂದು ಗೋಡೆಯ ಚಿತ್ರಪಟ ತೋರಿಸಿದ. ತನ್ನ ಬೀದಿಯಲ್ಲೇ ಅಂಥವರು ಮೂವರಿದ್ದಾರೆ, ಮೂವರ ಯಂತ್ರದ ಮೇಲೂ ಟಿವಿ ಕೂತಿದೆ ಎಂದು ಅವಳು ಹೇಳಿದಳು.

"ಇಷ್ಟು ಜನಕ್ಕೆ ಬೇಕಾಗಿದ್ದು ನಿಮಗೊಬ್ಬರಿಗೆ ಯಾಕಮ್ಮ ಬೇಡ?"

"ಅವರು ಏನು ಕೇಳಿದ್ರು ಅಂತ ನಂಗೊತ್ತಿಲ್ಲ ಸಾರ್. ನಾನು ಕೇಳಿದ್ದು ಇದನ್ನಲ್ಲ. ಕಂತು ಕಟ್ಟೋಳು ನಾನು."

ಕೊನೆಗೆ ಮ್ಯಾನೇಜರ್ ಯಂತ್ರ ವಾಪಸು ಪಡೆದ. ಹೊಸ ಅರ್ಜಿಯಲ್ಲಿ 'ಇತರೆ' ಎಂದು ಬರೆಯಬಹುದಂತೆ. ಆದರೆ ಅದು ಮುಖ್ಯ ಕಚೇರಿಗೆ ಹೋಗಿ ಬರಬೇಕು, ನಲವತ್ತು ದಿನ. ತಿಂಗಳು ಮುಗಿಯಲು ಉಳಿದಿದ್ದು ಹನ್ನೊಂದೇ ದಿನ. ಹಲ್ಲು ಕಚ್ಚಿಕೊಂಡು ಅರ್ಜಿ ತುಂಬಿದಳು. ಕಸುಬಿನ ಹೆಸರನ್ನು ಈ ಸಲ ತಾನೇ ಬರೆದಳು.

ಅಲ್ಲಿಂದ ನೇರ ವ್ಯಾಪಾರಿಯ ಬಳಿ ಹೋಗಿ, ಯಂತ್ರ ಬರಲಿಲ್ಲ, ಕೈಯಲ್ಲಿ ಹತ್ತು ಮಾಡಿಕೊಡಬಲ್ಲೆ, ಹನ್ನೊಂದನೆಯದಕ್ಕೆ ಮಾತು ಕೊಡಲಾರೆ ಎಂದಳು. ಮೂವತ್ತಕ್ಕೂ ಹೂಂ ಅಂದು ತಿಂಗಳುಗಟ್ಟಲೆ ಅಲೆಸುವವರನ್ನು ಕಂಡು ರೋಸಿದ್ದ ಆತ, ಹಾಗಾದರೆ ಹತ್ತೇ ಇಳಿಸುತ್ತೇನೆ ಎಂದ.

ಇಪ್ಪತ್ತು ಪಂಪುಗಳು ಬೇರೆ ಅಂಗಡಿಗೆ ಹೋದವು. ಹತ್ತು ಬಂದು ಮೆಟ್ಟಿಲಿಗೆ ಅಡ್ಡ ಕೂತವು. ದಾಟಲು ಜಾಗವಿಲ್ಲವೆಂದು ಅತ್ತೆ ಗೊಣಗುತ್ತಿದ್ದರೆ, ಸೊಸೆ ಮೊದಲನೆಯದರ ಮುಚ್ಚಳ ಬಿಚ್ಚತೊಡಗಿದಳು.